ಮೇಲಿನ ಬಾಟಲಿ

ತೊಂಬತ್ತೊಂದು ಬಾಟಲಿಗಳ ಮೇಲೆ ನಾನು ಸುಳ್ಳು ಬರೆದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ಕಾಸು ಕೊಟ್ಟಿರಲಿಲ್ಲ. ಹೆದರಿಸಿದವರೂ ಇಲ್ಲ. ನಾನೇ ಬರೆದೆ, ನೀಲಿ ಮಾರ್ಕರ್ ಪೆನ್ನಿನಲ್ಲಿ, ನೀಟಾಗಿ. ಆ ಸುಳ್ಳಿನಿಂದ ನಮ್ಮ ಕೇರಿಯ ಬಾವಿ ಹೂತುಹೋಗುವುದರಲ್ಲಿತ್ತು. ಹನ್ನೊಂದು ಮನೆಯ ಹೊಲ ಆಗಲೇ ಮಣ್ಣಿನಡಿ ಇತ್ತು. ಇದನ್ನು ಹೇಳುವಾಗ ನನಗೆ ಈಗಲೂ ತಲೆ ಎತ್ತಲಾಗುವುದಿಲ್ಲ. ಆದರೂ ಹೇಳುತ್ತೇನೆ. ಊರವರ ಬಾಯಲ್ಲಿ ಕೇಳುವುದಕ್ಕಿಂತ ನನ್ನ ಬಾಯಲ್ಲೇ ಕೇಳಿ.

ನನ್ನ ಹೆಸರು ತಿಪ್ಪೇಶ್. ಕಡೂರಿನಿಂದ ನಮ್ಮೂರಿಗೆ ದಿನಕ್ಕೆ ಮೂರು ಬಸ್ಸು. ಊರ ಪಕ್ಕ ಸೀಗೆಹಳ್ಳ ಹರಿಯುತ್ತದೆ. ಗುಡ್ಡದಿಂದ ಇಳಿದು ಗಂಗೆಮಡುವಿನಲ್ಲಿ ನಿಲ್ಲುತ್ತದೆ. ಮಡು ತುಂಬಿದ ಮೇಲೆ ಮಲ್ಲಿಕಾರ್ಜುನಣ್ಣನ ತೆಂಗಿನ ತೋಟದ ನಡುವೆ ಹಾಯುತ್ತದೆ. ತೋಟ ದಾಟಿ ನಮ್ಮ ಕೇರಿಯ ಬೆನ್ನಿಗೆ ಬರುತ್ತದೆ. ಆಮೇಲೆ ರಸ್ತೆಯ ಮೋರಿ, ಅದರಾಚೆ ಎಷ್ಟೋ ದೂರ ಹೋಗಿ ವೇದಾವತಿ. ಮೇಲೆ ಮಡು, ನಡುವೆ ತೋಟ, ಕೆಳಗೆ ಕೇರಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಗಂಗೆಮಡುವಿನ ನೀರು ಊರ ದೇವರಿಗೆ. ಸೋಮವಾರ ಸೋಮವಾರ ಅಲ್ಲಿಂದ ಕೊಡ ಹೊರುತ್ತಾರೆ. ಮಡುವಿನ ದಾರಿಯಲ್ಲಿ ಒಂದು ಬಸರಿಮರ ಇದೆ. ಕೇರಿಯವರು ಆ ಮರದಾಚೆ ಹೋಗುವುದಿಲ್ಲ. ಬೋರ್ಡು ಇಲ್ಲ, ಬೇಲಿ ಇಲ್ಲ, ಕಾವಲುಗಾರ ಇಲ್ಲ. ಹೋಗುವುದಿಲ್ಲ ಅಷ್ಟೆ. ಏಳು ವರ್ಷದವನಿದ್ದಾಗ ನಾನೊಂದು ಸಲ ಮರ ದಾಟಿ ಓಡಿದ್ದೆ. ನೀರಿನ ಹತ್ತಿರ ಒಂದು ನೀಲಿ ಹಕ್ಕಿ ಕೂತಿತ್ತು. ಅವ್ವ ಹಿಂದಿನಿಂದ ಓಡಿಬಂದು, ಕೂದಲು ಹಿಡಿದು ಎಳೆದು ತಂದು, ಹುಣಸೆ ಬರಲು ಮುರಿಯುವವರೆಗೆ ಕಾಲಿಗೆ ಬಾರಿಸಿದಳು. ಊರವರ ಎದುರಿಗೇ ಹೊಡೆದಳು. ತಾನು ಹೊಡೆಯದಿದ್ದರೆ ಅವರು ಹೊಡೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು ಬಾಸುಂಡೆಗೆ ಹರಳೆಣ್ಣೆ ಹಚ್ಚಿದವಳೂ ಅವಳೇ.

ನಾನು ಕಡೂರಿನಲ್ಲಿ ಪಿಯುಸಿ ಮುಗಿಸಿದವನು. ಪ್ರತಿ ಏಪ್ರಿಲ್‌ನಲ್ಲಿ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಬಾಬಾಸಾಹೇಬರ ಬಗ್ಗೆ ಭಾಷಣ ಮಾಡುತ್ತೇನೆ. ಕೆರೆಯ ನೀರು ಮುಟ್ಟಿದ ಕಥೆಯನ್ನು ಮೈ ಜುಮ್ಮೆನ್ನುವ ಹಾಗೆ ಹೇಳುತ್ತೇನೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಥೂ! ಆ ಚಪ್ಪಾಳೆ ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಲ್ಲಿಕಾರ್ಜುನಣ್ಣನ ತೋಟದ ಕೊನೆಯಲ್ಲಿ ಫಿಲ್ಟರ್ ಗುಂಡಿಗಳಿವೆ. ಹೊಳೆಯ ಮರಳು ಸಿಗದ ಕಾಲದಲ್ಲಿ ಹೊಲದ ಮಣ್ಣನ್ನೇ ತೊಳೆದು ಮರಳು ಮಾಡುತ್ತಾರೆ. ಜೆಸಿಬಿಯಲ್ಲಿ ಹೊಲ ಅಗೆದು ಮಣ್ಣು ತಂದು ಗುಂಡಿಗೆ ಸುರಿಯುತ್ತಾರೆ. ಮೋಟರಿನಿಂದ ನೀರು ಬಿಡುತ್ತಾರೆ. ಸೊಂಟದ ಮಟ್ಟದ ಕೆಸರಲ್ಲಿ ನಿಂತವರು ಸಲಿಕೆಯಿಂದ ಅದನ್ನು ತಿರುವುತ್ತಾರೆ. ಮರಳು ತಳದಲ್ಲಿ ನಿಲ್ಲುತ್ತದೆ. ಜೇಡಿ ನೀರಿನ ಜೊತೆ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ. ಕಾಗದದಲ್ಲಿ ಇದಕ್ಕೆ ಬೇರೆ ಹೆಸರು. ಜಮೀನು ಮಟ್ಟ ಮಾಡುವ ಕೆಲಸ. ಸಾಹೇಬರು ಬರುವ ಸುದ್ದಿ ಬಂದರೆ ಗುಂಡಿಯ ಮೇಲೆ ತೆಂಗಿನ ಗರಿ ಮುಚ್ಚುತ್ತಾರೆ, ಮೋಟರು ನಿಲ್ಲಿಸುತ್ತಾರೆ.

ಕೆಸರಲ್ಲಿ ನಿಂತವರು ಯಾರು? ನಾವೇ. ನಾನು ಎರಡು ವರ್ಷ ನಿಂತಿದ್ದೇನೆ. ಅವ್ವ ನಿಂತಿದ್ದಾಳೆ. ಕೇರಿಯ ಹಿರಿಯ ಕರಿಯಣ್ಣ ಅರವತ್ತು ದಾಟಿದ ಮೇಲೂ ನಿಂತಿದ್ದಾನೆ. ಕಾಲ್ಬೆರಳ ಸಂದಿ ಕೊಳೆತು ಬೆಳ್ಳಗಾಗುತ್ತಿತ್ತು. ರಾತ್ರಿ ಬೇವಿನ ಸೊಪ್ಪು ಅರೆದು ಕಟ್ಟಿಕೊಂಡು ಬೆಳಿಗ್ಗೆ ಮತ್ತೆ ಇಳಿಯುತ್ತಿದ್ದೆವು. ಆ ಕೆಸರು ಹಳ್ಳ ಸೇರಿ ಎಲ್ಲಿಗೆ ಹೋಗುತ್ತದೆಂದು ನಾವು ಕೇಳಲಿಲ್ಲ. ಅದು ಬಹಳ ದೂರವೇನೂ ಹೋಗುತ್ತಿರಲಿಲ್ಲ. ನಮ್ಮ ಬಾವಿಗೆ ಬರುತ್ತಿತ್ತು.

ನಮ್ಮ ಬಾವಿ ಹಳ್ಳದ ದಂಡೆಯಲ್ಲಿದೆ. ಅಜ್ಜನ ಕಾಲದಲ್ಲಿ ಕೇರಿಯವರೇ ತೋಡಿದ್ದು. ನಲ್ಲಿ ಇದೆ, ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಉಳಿದ ದಿನ ಬಾವಿಯೇ ಗತಿ. ಹಳ್ಳ ಏರಿದಾಗಲೆಲ್ಲ ಕೆಂಪು ರಾಡಿ ಒಳಗೆ ನುಗ್ಗಿ ಮೆಟ್ಟಿಲು ಮುಚ್ಚುತ್ತದೆ. ಹೆಂಗಸರು ಇಳಿದು ಬುಟ್ಟಿಯಲ್ಲಿ ತುಂಬಿ, ಕೈಯಿಂದ ಕೈಗೆ ದಾಟಿಸಿ, ಮೇಲೆ ಹಾಕುತ್ತಾರೆ. ಮುಂದಿನ ಮಳೆಗೆ ಮತ್ತೆ ಅಷ್ಟೇ. ಮೂರು ವರ್ಷದಲ್ಲಿ ಅವ್ವನ ಸೊಂಟ ಬಾಗಿದ್ದು ವಯಸ್ಸಿಗಲ್ಲ, ಈ ಮಣ್ಣಿಗೆ.

ಹೊಲದ ಕಥೆ ಇನ್ನೂ ಕೆಟ್ಟದ್ದು. ಕೆರೆಯ ಗೋಡು ಹೊಲಕ್ಕೆ ಬಿದ್ದರೆ ಚಿನ್ನ ಎನ್ನುತ್ತಾರೆ. ಇದು ಗೋಡಲ್ಲ. ಆಳದಿಂದ ಅಗೆದ ಸತ್ತ ಮಣ್ಣು. ಒಣಗಿದರೆ ಹೆಂಚಿನ ಹಾಗೆ ಗಟ್ಟಿ. ರಾಗಿ ಮೊಳೆತರೂ ಮೇಲೆ ಬರಲಾರದೆ ಒಳಗೇ ಬೆಳ್ಳಗೆ ಸುರುಟಿಕೊಂಡು ಸಾಯುತ್ತದೆ. ಕರಿಯಣ್ಣ ಒಂದು ದಿನ ಆ ಒಣಮಣ್ಣಿನ ಹಕ್ಕಳೆ ಎಬ್ಬಿಸಿ ಕೆಳಗಿದ್ದ ಮೊಳಕೆ ತೋರಿಸಿದ. ತೋರಿಸಿ, ಹಕ್ಕಳೆಯನ್ನು ಮತ್ತೆ ಅದರ ಮೇಲೆ ಇಟ್ಟ.

ತೋಟದ ಗುಂಡಿ ನಿಲ್ಲಿಸಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಬರೆದವನು ನಾನೇ. ಹನ್ನೊಂದು ಮನೆಯವರು ಹೆಬ್ಬೆಟ್ಟು ಒತ್ತಿದರು. ಮಲ್ಲಿಕಾರ್ಜುನಣ್ಣನ ಉತ್ತರ ಒಂದೇ ಸಾಲು. ನಾನು ಮಣ್ಣು ತೊಳೆಯುವುದೇ ಇಲ್ಲ, ಮಣ್ಣು ಬರುವುದು ಗುಡ್ಡದಿಂದ. ಯಾರದು ನಿಜ ಎಂದು ನೋಡಲು ಶಿವಮೊಗ್ಗದ ಒಂದು ಕಾಲೇಜಿನಿಂದ ಮಧುಶ್ರೀ ಮೇಡಂ ಬಂದರು. ನದಿಯಲ್ಲಿ ಮಣ್ಣು ಹೇಗೆ ಸಾಗುತ್ತದೆ ಅನ್ನುವುದೇ ಅವರ ಓದು. ಇಪ್ಪತ್ತೇಳಿರಬಹುದು ವಯಸ್ಸು. ಮೊಣಕಾಲುದ್ದದ ಬೂಟು ಹಾಕಿಕೊಂಡು ಮೋರಿಯ ಕೆಸರಿಗೆ ಸೀದಾ ಇಳಿದರು. ನಮ್ಮ ಮನೆಯಲ್ಲಿ ಕೂತು ಟೀ ಕುಡಿದರು. ಲೋಟ ಮುಟ್ಟಲು ಹಿಂದೆಮುಂದೆ ನೋಡಲಿಲ್ಲ. ಅವ್ವ ಅದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಕೆಲಸ ಸುಲಭದ್ದು. ಜುಲೈನಿಂದ ಸೆಪ್ಟೆಂಬರ್ ಮುಗಿಯುವವರೆಗೆ ದಿನಾ ಬೆಳಿಗ್ಗೆ ಎರಡು ಬಾಟಲಿ ನೀರು ಹಿಡಿಯಬೇಕು. ಒಂದು ಮೇಲೆ, ಗಂಗೆಮಡುವಿನಲ್ಲಿ. ಒಂದು ಕೆಳಗೆ, ಮೋರಿಯಲ್ಲಿ. ತೋಟದೊಳಗೆ ಹಳ್ಳದ ಎರಡೂ ದಂಡೆಗೆ ತಂತಿಬೇಲಿ, ಹಾಗಾಗಿ ತೋಟಕ್ಕಿಂತ ಮೇಲೆ ಮಡು ಬಿಟ್ಟರೆ ಬೇರೆ ಜಾಗವಿಲ್ಲ. ಅವರು ಬಂದು ಬಾಟಲಿ ಒಯ್ದು, ಸೋಸಿ, ಒಣಗಿಸಿ, ಮಣ್ಣು ತೂಗುತ್ತಾರೆ. ಮೇಲೆ ತಿಳಿ, ಕೆಳಗೆ ರಾಡಿ ಎಂದಾದರೆ ಮಣ್ಣು ಸೇರಿದ್ದು ನಡುವೆ. ನಡುವೆ ಇರುವುದು ಒಂದೇ ತೋಟ. ಗರಿ ಮುಚ್ಚಿ ಗುಂಡಿ ಅಡಗಿಸಬಹುದು, ನೀರು ಸುಳ್ಳು ಹೇಳುವುದಿಲ್ಲ ಎಂದರು. ಓದಿದವನೂ ಕೇರಿಯವನೂ ಆದ ನಾನೇ ಈ ಕೆಲಸಕ್ಕೆ ಸರಿ ಎಂದು ಆರಿಸಿದರು. ನಮ್ಮ ಬಾವಿಯನ್ನು ನನ್ನ ಕೈಗೇ ಕೊಟ್ಟ ಹಾಗೆ ಅದು.

ಅವತ್ತೇ ಅವರು ಒಂದು ಮಾತು ಹೇಳಿದರು. ನಿಮ್ಮ ಹಳ್ಳದ ಮಣ್ಣು ವೇದಾವತಿಗೆ ಹೋಗುತ್ತದೆ, ಅಲ್ಲಿಂದ ಮಾರಿಕಣಿವೆ ಅಣೆಕಟ್ಟಿಗೆ. ಅಣೆಕಟ್ಟು ತಡೆಯದಿದ್ದರೆ ತುಂಗಭದ್ರೆ, ಕೃಷ್ಣೆ ಸೇರಿ ಸಮುದ್ರದ ಅಳಿವೆವರೆಗೂ ಹೋಗಿ ದಡ ಕಟ್ಟುತ್ತಿತ್ತು. ನಾನು ತಲೆಯಾಡಿಸಿದೆ. ನಮ್ಮ ಹೊಲದ ಮಣ್ಣಿಗೆ ಸಮುದ್ರದವರೆಗೆ ದಾರಿ ಇದೆ, ನನಗೆ ಬಸರಿಮರದವರೆಗೆ ಮಾತ್ರ ಎಂದು ಮನಸ್ಸಿಗೆ ಬಂತು. ಬಾಯಿಗೆ ಬರಲಿಲ್ಲ.

"ಮಡು ಹತ್ರ ಹೋಗೋಕೆ ಏನಾದ್ರೂ ತೊಂದ್ರೆ ಇದ್ಯಾ ತಿಪ್ಪೇಶ್?" ಎಂದು ಅವರು ಕೇಳಿದರು.

"ಏನಿಲ್ಲ ಮೇಡಂ" ಎಂದೆ.

ಮೊದಲ ಸುಳ್ಳು ಅದು. ಬಾಟಲಿಯದ್ದು ಆಮೇಲಿನದು. ಯಾಕೆ ಹೇಳಿದೆ? ಕೆಸರಿಗೆ ಧೈರ್ಯವಾಗಿ ಇಳಿದ, ನಮ್ಮ ಲೋಟದಲ್ಲಿ ಟೀ ಕುಡಿದ ಆ ಹುಡುಗಿಯ ಎದುರು, ಜೀನ್ಸ್ ತೊಟ್ಟ ನಾನು, ಮೇಡಂ ನಾನು ಆ ನೀರಿಗೆ ಕಾಲಿಡಲಾರೆ ಎಂದು ಹೇಗೆ ಹೇಳಲಿ? ನಾಚಿಕೆಯಾಯಿತು. ಅವರು ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಾರೆ ಎಂದು ಹೆದರಿಕೆಯಾಯಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಗುವುದಿಲ್ಲ.

ಮೊದಲ ದಿನ ಆರೂವರೆಗೆ ಹೊರಟೆ. ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಸರಿಮರದ ಹತ್ತಿರ ನಿಂತೆ. ಮಡು ಕಾಣುತ್ತಿತ್ತು. ಮಳೆ ಬಿದ್ದಿದ್ದರೂ ನೀರು ತಿಳಿಯಾಗಿ ತಳದ ಕಲ್ಲು ಕಾಣುತ್ತಿದ್ದವು. ಇಪ್ಪತ್ತು ಹೆಜ್ಜೆ. ಕಾಲು ಏಳಲಿಲ್ಲ. ಉಚ್ಚೆ ಬಂದಂತಾಯಿತು. ಹಳೆಯ ಬಾಸುಂಡೆ ಇದ್ದ ಜಾಗ, ಮೀನಖಂಡ, ಚುರ್ ಎಂದಿತು. ಮೂವತ್ತೊಂದು ವರ್ಷದ ಗಂಡಸು ನಾನು. ಯಾರೋ ಕೆಮ್ಮಿದ ಹಾಗಾಯಿತು. ತಿರುಗಿ ನೋಡಿದರೆ ದನ. ಆ ದನ ನನ್ನ ಪಕ್ಕದಲ್ಲೇ ಹಾದು, ಮಡುವಿಗಿಳಿದು, ನೀರು ಕುಡಿದು, ಅಲ್ಲೇ ಗಂಜಲ ಹೊಯ್ದು ಮೇಲೆ ಬಂತು.

ನಾನು ವಾಪಸು ಬಂದೆ. ಕೇರಿಯ ಕಾಲುದಾರಿಯಿಂದ ಹಳ್ಳಕ್ಕೆ ಇಳಿದೆ. ಮೋರಿಗಿಂತ ಹತ್ತು ಮಾರು ಮೇಲೆ. ತೋಟದ ಕಾಲುವೆ ಹಳ್ಳಕ್ಕೆ ಬೀಳುವ ಜಾಗ ಅದಕ್ಕೂ ಮೇಲಿತ್ತು, ಅದು ನನಗೆ ಗೊತ್ತಿತ್ತು. ದಂಡೆಯ ಅಂಚಿನಲ್ಲಿ, ಸ್ವಲ್ಪ ತಿಳಿಯಾಗಿದ್ದ ಕಡೆ ಬಾಟಲಿ ಅದ್ದಿದೆ. ಹರಿಯುವ ನೀರು ಎಲ್ಲಾ ಒಂದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಇವತ್ತೊಂದು ದಿನ, ನಾಳೆಯಿಂದ ಸರಿಯಾಗಿ ಮಾಡುತ್ತೇನೆ ಎಂದುಕೊಂಡೆ. ಮಾರ್ಕರ್ ತೆಗೆದು ಬರೆದೆ: ಮೇಲೆ, ಗಂಗೆಮಡು, ಆರು ಐವತ್ತು.

ನಾಳೆ ಬರಲಿಲ್ಲ. ಮೂರನೇ ವಾರದಲ್ಲಿ ಹೇಳಿಬಿಡೋಣ ಎಂದು ಮೇಡಂಗೆ ಫೋನು ಹಚ್ಚಿದೆ. ಅಷ್ಟರಲ್ಲಿ ಇಪ್ಪತ್ತು ಬಾಟಲಿ ಕೆಟ್ಟಿದ್ದವು. ಹೇಗಿದೆ ತಿಪ್ಪೇಶ್ ಎಂದು ಅವರು ನಗುತ್ತಾ ಕೇಳಿದರು. ಎಲ್ಲಾ ಆರಾಮ ಮೇಡಂ ಎಂದು ಇಟ್ಟುಬಿಟ್ಟೆ. ಇಪ್ಪತ್ತು ಹೇಳಲಾಗದವನು ನಲವತ್ತು ಹೇಳುತ್ತಾನೆಯೇ? ಜ್ವರ ಬಂದು ಮಲಗಿದ ಒಂದು ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ. ಸುಳ್ಳನ್ನು ಅಷ್ಟು ನಿಯತ್ತಾಗಿ ಮಾಡಿದೆ.

ಬಾಟಲಿಗಳು ನಮ್ಮ ಮನೆಯ ಗೋಡೆ ಗೂಡಿನಲ್ಲಿ ಸಾಲಾಗಿರುತ್ತಿದ್ದವು. ಒಂದು ದಿನ ಅವ್ವ ಬಾವಿಯ ಮಣ್ಣು ಎತ್ತಿ ಬಂದು, ಕೈಕಾಲು ತೊಳೆಯದೆ ಗೂಡಿನ ಮುಂದೆ ನಿಂತಳು. ಬಾಟಲಿಯಲ್ಲಿ ಮಣ್ಣು ಕೆಳಗೆ ಕೂತಿತ್ತು. ಮೇಲಿನದು ಕೆಳಗಿನದು ಎರಡರಲ್ಲೂ ಅದೇ ಕೆಂಪು, ಅದೇ ದಪ್ಪ.

"ಮಡುವಿನ ನೀರು ಇಷ್ಟು ಕೆಂಪಗೈತೇನೋ?" ಎಂದಳು.

ಗುಡ್ಡದಲ್ಲಿ ಜೋರು ಮಳೆ ಕಣವ್ವ ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. ಒಳಗೆ ಹೋದಳು. ಆವತ್ತೇ ಅವಳಿಗೆ ಗೊತ್ತಾಯಿತು. ಅವಳೂ ಬಾಯಿ ಬಿಡಲಿಲ್ಲ.

ನವೆಂಬರಿನಲ್ಲಿ ವರದಿ ಬಂತು. ಮೇಲಿನ ನೀರಿನಲ್ಲೂ ಕೆಳಗಿನ ನೀರಿನಲ್ಲೂ ಮಣ್ಣಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಮಣ್ಣು ಗುಡ್ಡದ ಕಡೆಯಿಂದಲೇ ಬರುತ್ತಿದೆ. ತೋಟದಿಂದ ಸೇರುತ್ತಿರುವುದಕ್ಕೆ ಆಧಾರವಿಲ್ಲ. ಕರಿಯಣ್ಣ ನನ್ನ ಕೈಯಲ್ಲೇ ಅದನ್ನು ಎರಡು ಸಲ ಓದಿಸಿಕೊಂಡ. ನಾವೇ ತಿರುವಿ ಬಿಟ್ಟ ಕೆಸರು ಕಣೋ, ನಮ್ಮ ಕಣ್ಣು ಸುಳ್ಳಾ ಎಂದು ಕೇಳಿದ. ನನ್ನನ್ನೇ ಕೇಳಿದ! ನನ್ನ ಮೇಲೆ ಅವನಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಸ್ಥಳದಲ್ಲಿ ಮಹಜರು ಬರೆದು ಎರಡೂ ಕಡೆಯವರ ಸಹಿ ಹಾಕಿಸಿಕೊಂಡರೆ ಅರ್ಜಿ ಮುಗಿಯುತ್ತಿತ್ತು. ಬಾವಿಯೂ ಮುಗಿಯುತ್ತಿತ್ತು.

ಮಹಜರು ಬರೆಯಲು ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಮಧುಶ್ರೀ ಮೇಡಂ ಬಂದರು. ಬೆಳಿಗ್ಗೆ ಹತ್ತು ಗಂಟೆ, ಚುರುಕು ಬಿಸಿಲು. ಹಿಂಗಾರು ಮಳೆಯಿಂದ ಹಳ್ಳದಲ್ಲಿ ಸಣ್ಣಗೆ ನೀರಿತ್ತು. ಮೂರು ದಿನದಿಂದ ಮೋಟರು ನಿಲ್ಲಿಸಿದ್ದರು. ಗುಂಡಿಯ ಮೇಲೆ ಗರಿ. ಮೋರಿಯ ನೀರೂ ಅವತ್ತು ತಿಳಿಯಾಗಿತ್ತು. ಸಾಹೇಬರು ಮೋರಿ ನೋಡಿದರು, ತೋಟ ನೋಡಿದರು, ನಡೆಯುತ್ತಾ ಬಸರಿಮರದ ಹತ್ತಿರ ಬಂದರು. ಊರವರೆಲ್ಲ ಮರದಾಚೆ ಹೋಗಿ ಮಡುವಿನ ಮೆಟ್ಟಿಲ ಮೇಲೆ ನಿಂತರು. ಕೇರಿಯವರು ಈಚೆ ನಿಂತೆವು. ಯಾರೂ ಹೇಳಲಿಲ್ಲ. ಅದರಷ್ಟಕ್ಕೆ ಅದು ಹಾಗೆ ಆಯಿತು.

ಹೊಲಕ್ಕೆ ಹೂಳು ಬಂದರೆ ಒಳ್ಳೆಯದೇ ಅಲ್ಲವೇ, ಜನ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೊಡೆಸುತ್ತಾರೆ ಎಂದು ಸಾಹೇಬರು ಕರಿಯಣ್ಣನಿಗೆ ಹೇಳಿದರು. ಕರಿಯಣ್ಣ ಟವೆಲ್ಲಿನ ಗಂಟಿನಿಂದ ಒಂದು ಹಕ್ಕಳೆ ಮಣ್ಣು ತೆಗೆದು ಅವರ ಮುಂದೆ ಹಿಡಿದ. ಅವರು ನೋಡಿದರು, ಮುಟ್ಟಲಿಲ್ಲ. ಅವನು ಬಹಳ ಹೊತ್ತು ಕೈ ಚಾಚಿಕೊಂಡೇ ಇದ್ದ.

ಆಗ ಮಲ್ಲಿಕಾರ್ಜುನಣ್ಣ ನನ್ನ ಕಡೆ ತಿರುಗಿದ. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಮುಖದಲ್ಲಿ ನಗು. ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಹುಟ್ಟಿದಾಗಿನಿಂದ ಆ ಕೈ ನನ್ನ ಮೈ ಮುಟ್ಟಿದ್ದು ಅದೇ ಮೊದಲು.

"ನೋಡಿ ಸಾರ್, ಇವ್ನು ತಿಪ್ಪೇಶಿ. ಅವ್ರ ಕೇರಿಯವ್ನೇ ಆದ್ರೂ ಸತ್ಯ ಬಿಡ್ಲಿಲ್ಲ. ಇಂಥವ್ರು ನಾಕು ಜನ ಇದ್ರೆ ಊರು ಉದ್ಧಾರ ಆಯ್ತದೆ."

ಹೆಗಲಿಗೆ ಬೆಂಕಿ ಬಿದ್ದಂತಾಯಿತು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೊಡೆದಿದ್ದರೂ ಸಹಿಸುತ್ತಿದ್ದೆನೇನೋ. ಕರಿಯಣ್ಣ ನನ್ನ ಕಡೆ ನೋಡಿದ. ಹೌದು, ನಮ್ಮ ಹುಡುಗ ಸತ್ಯವಂತ ಎಂದು ಆ ಮುದುಕನ ಕಣ್ಣಲ್ಲಿ ಇನ್ನೂ ಇತ್ತು. ಅದನ್ನು ನೋಡಿ ನಾನು ಆ ಕೈ ಕೊಡವಿದೆ.

"ಸುಳ್ಳು ಸಾರ್" ಎಂದೆ. "ಮೇಲಿನ ಬಾಟ್ಲಿ ಎಲ್ಲಾ ಸುಳ್ಳು. ನಾನು ಮಡುವಿನ ನೀರು ಒಂದು ದಿನಾನೂ ಹಿಡ್ದಿಲ್ಲ. ಎಲ್ಡೂ ಬಾಟ್ಲಿ ಕೆಳಗೇ ತುಂಬ್ದೆ."

ಮೇಡಂ ನನ್ನ ಹತ್ತಿರ ಬಂದರು. ತೊಂಬತ್ತೊಂದೂ? ಎಂದು ಕೇಳಿದರು. ತೊಂಬತ್ತೊಂದೂ ಎಂದೆ. ಅವರ ಮುಖ ಬಿಳುಚಿತು. ಒಂದು ಮಳೆಗಾಲದ ಕೆಲಸ ಅದು. ಯಾಕೆ ಎಂದು ಕೇಳಿದರು. ಹೇಳಿದೆ. ಬಸರಿಮರ ತೋರಿಸಿ ಹೇಳಿದೆ. ದನದ ವಿಷಯವನ್ನೂ ಹೇಳಿದೆ. ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು, ಅಯ್ಯೋ ಪಾಪ ಇರಲಿಲ್ಲ. ನಾನು ಹೆದರಿದ್ದೇ ಬೇರೆಯದಕ್ಕೆ, ಸಿಕ್ಕಿದ್ದೇ ಬೇರೆ. ಅವರು ಈವರೆಗೂ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ.

ಕರಿಯಣ್ಣ ಹಕ್ಕಳೆಯನ್ನು ಟವೆಲ್ಲಿಗೆ ಕಟ್ಟಿಕೊಂಡು ನನ್ನಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಊರವರು ದೂರ ನಿಲ್ಲುವುದು ನನಗೆ ಅಭ್ಯಾಸ. ಕರಿಯಣ್ಣ ಸರಿದದ್ದನ್ನು ತಡೆಯಲಾಗಲಿಲ್ಲ.

ಸಾಹೇಬರು ಪೆನ್ನು ಎತ್ತಿಕೊಂಡರು. ನಿಮ್ಮನ್ನು ತಡೆದವರು ಯಾರು, ಹೆಸರು ಹೇಳಿ ಎಂದರು. ಕಾನೂನು ಇದೆ, ಹೆಸರು ಬೇಕು ಎಂದರು. ನಾನು ಬಾಯಿ ತೆರೆದೆ. ಯಾರ ಹೆಸರು ಹೇಳಲಿ? ಅವತ್ತು ಆರೂವರೆಗೆ ಅಲ್ಲಿ ಯಾರಿದ್ದರು?

"ಯಾರೂ ಇಲ್ಲ ಸಾರ್."

ಮೆಟ್ಟಿಲ ಮೇಲಿದ್ದವರು ನಕ್ಕರು. ಮಲ್ಲಿಕಾರ್ಜುನಣ್ಣ ಎರಡೂ ಕೈ ಚೆಲ್ಲಿದ.

"ಕೇಳ್ಕಳಿ ಸಾರ್, ಅವ್ನ ಬಾಯಲ್ಲೇ ಬಂತು. ಈ ಕಾಲ್ದಲ್ಲಿ ಯಾರಪ್ಪ ಮಡಿ ಮೈಲ್ಗೆ ಮಾಡ್ತಾರೆ? ನೀರು ಎಲ್ಲಾರ್ದೂ. ಹೋಗಪ್ಪ ತಿಪ್ಪೇಶಿ, ಈಗ್ಲೇ ಹೋಗಿ ತುಂಬ್ಕಂಡ್ ಬಾ. ಯಾರ್ ಬ್ಯಾಡ ಅಂತಾರೆ?"

ಮೇಡಂ ಬ್ಯಾಗಿನಿಂದ ಒಂದು ಖಾಲಿ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿದ್ದರು. ಸರ್ಕಾರ ಎದುರಿಗಿದೆ. ಒಡೆಯನೇ ಹೋಗು ಎನ್ನುತ್ತಿದ್ದಾನೆ. ಹಾಡುಹಗಲು. ಆದರೂ ನನ್ನ ಕಾಲು ಏಳಲಿಲ್ಲ. ಹೇಳುತ್ತಿದ್ದೇನಲ್ಲ, ಏಳಲಿಲ್ಲ! ಕೈಯಲ್ಲಿ ಬಾಟಲಿ ಹಿಡಿದು, ಏಳು ವರ್ಷದ ಕೂಸಿನ ಹಾಗೆ, ಮರದ ಬೇರಿನ ಹತ್ತಿರ ನಿಂತುಬಿಟ್ಟೆ. ನನ್ನ ಜನ್ಮದಲ್ಲಿ ಅಂಥ ನಾಚಿಕೆ ನಾನು ಕಂಡಿಲ್ಲ.

ಅವ್ವ ಆಗ ಬಂದಳು. ಅವಳು ಅಲ್ಲಿಯವರೆಗೆ ಬಾವಿಯಲ್ಲಿದ್ದಳು. ಸೀರೆ ಎತ್ತಿ ಕಟ್ಟಿದ್ದಳು, ಮೊಣಕಾಲವರೆಗೆ ಕೆಂಪು ಕೆಸರು, ಕಂಕುಳಲ್ಲಿ ಮಣ್ಣಿನ ಬುಟ್ಟಿ. ಯಾರೋ ಹೋಗಿ ಹೇಳಿರಬೇಕು. ಜನರ ನಡುವಿಂದ ಬಂದು ಸಾಹೇಬರ ಮುಂದೆ ನಿಂತಳು.

"ನಾನು ತಡ್ದಿದ್ದು ಸ್ವಾಮಿ. ಉಚ್ಚಂಗಮ್ಮ ಅಂತ ಬರ್ಕಳಿ. ಏಳು ವರ್ಸದವ್ನಿದ್ದಾಗ ಇದೇ ಜಾಗ್ದಲ್ಲಿ ಹುಣಸೆ ಬರ್ಲು ಮುರಿಯಂಗೆ ಹೊಡ್ದೆ. ಆ ಏಟು ಇನ್ನೂ ಅವ್ನ ಕಾಲಲ್ಲೈತೆ."

ಸಾಹೇಬರು ಬರೆಯಲಿಲ್ಲ. ಅವಳ ಮುಖ ನೋಡುತ್ತಾ ನಿಂತರು.

"ಅವ್ನ ತಡ್ದೋಳು ನಾನು. ನನ್ನ ತಡ್ಯೋರು ಯಾರು ಅಂತ ಈಗ ನೋಡಿ" ಎಂದಳು.

ಮರ ದಾಟಿದಳು. ಓಡಲಿಲ್ಲ, ಸೆಡೆಯಲಿಲ್ಲ. ಬಾವಿಗೆ ಇಳಿಯುವ ಹಾಗೇ ಮೆಟ್ಟಿಲು ಇಳಿದಳು. ನಿಂತಿದ್ದವರು ಮೈ ತಾಗೀತೆಂದು ಅತ್ತ ಇತ್ತ ಸರಿದು ದಾರಿ ಬಿಟ್ಟರು. ಅವ್ವ ಸೊಂಟದವರೆಗೆ ಮಡುವಿಗೆ ಇಳಿದಳು. ಬುಟ್ಟಿಯನ್ನು ನೀರಲ್ಲಿ ಮುಳುಗಿಸಿ ಅಲ್ಲಾಡಿಸಿದಳು. ಮೂರು ವರ್ಷದಿಂದ ನಮ್ಮ ಬಾವಿಗೆ ಬರುತ್ತಿದ್ದ ಮಣ್ಣು ದೇವರ ಮಡುವಿನಲ್ಲಿ ಕೆಂಪಗೆ ಹರಡಿತು.

"ಏಯ್ ಉಚ್ಚಂಗಿ! ಹತ್ತೇ ಮೇಲೆ! ದೇವ್ರ ನೀರು ಕಣೇ ಅದು, ಹೊಲಗೆಡಿಸ್ತೀಯಾ? ಕಾಲು ಮುರಿಸ್ಬಿಡ್ತೀನಿ!"

ಕೂಗಿದ್ದು ಮಲ್ಲಿಕಾರ್ಜುನಣ್ಣ. ನೀರು ಎಲ್ಲರದ್ದು ಎಂದು ಹೇಳಿ ಇನ್ನೂ ಎಲೆ ಅಡಿಕೆ ಹಾಕಿಕೊಳ್ಳುವಷ್ಟೂ ಹೊತ್ತು ಆಗಿರಲಿಲ್ಲ. ಕೂಗಿದ ಮೇಲೆ ಅವನಿಗೇ ಗೊತ್ತಾಯಿತು. ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು.

ಅವ್ವ ನೀರಿನಲ್ಲಿ ನಿಂತೇ ಸಾಹೇಬರ ಕಡೆ ತಿರುಗಿದಳು.

"ಹೆಸ್ರು ಕೇಳಿದ್ರಲ್ಲ ಸ್ವಾಮಿ. ಬರ್ಕಳಿ."

ನಾನು ಆಗ ನಡೆದೆ. ಧೈರ್ಯ ಬಂತು ಎಂದು ಹೇಳಿದರೆ ಇದು ತೊಂಬತ್ತೆರಡನೆಯ ಸುಳ್ಳಾಗುತ್ತದೆ. ಅವ್ವ ಒಬ್ಬಳೇ ಅಲ್ಲಿ ನಿಂತಿದ್ದಾಳೆ ಅನ್ನುವುದೊಂದೇ ಕಾಣುತ್ತಿತ್ತು. ನೀರು ತಣ್ಣಗಿತ್ತು. ಅವಳ ಪಕ್ಕದಲ್ಲಿ ಬಾಟಲಿ ಅದ್ದಲು ಹೋದೆ. ಅವಳು ನನ್ನ ಕೈ ಹಿಡಿದು ತಡೆದಳು.

"ಇಲ್ಲಿ ನನ್ ಮಣ್ಣೈತೆ. ಇನ್ನೂ ಮೇಲಕ್ಕೋಗು. ಈ ಸಲನಾದ್ರೂ ಸರ್ಯಾಗಿ ಹಿಡಿ" ಎಂದಳು.

ಇನ್ನೂ ಮೇಲಕ್ಕೆ ಹೋದೆ. ಹಳ್ಳ ಮಡುವಿಗೆ ಬೀಳುವ ಕಲ್ಲಿನ ಹತ್ತಿರ ಬಾಟಲಿ ತುಂಬಿದೆ. ಎತ್ತಿ ನೋಡಿದರೆ ಅದರಾಚೆ ಮೆಟ್ಟಿಲ ಮೇಲಿನ ಜನರ ಮುಖ ಕಾಣುತ್ತಿತ್ತು. ಅಷ್ಟು ತಿಳಿ.

ಮಹಜರಿನ ಮೊದಲ ಕರಡಿನಲ್ಲಿ ಬರೆದದ್ದು ಇಷ್ಟು: ಮಹಿಳೆಯೊಬ್ಬರು ನೀರಿಗಿಳಿದ ಕಾರಣ ಸ್ಥಳದಲ್ಲಿ ಮಾತಿನ ಚಕಮಕಿ ನಡೆಯಿತು. ಸಾಹೇಬರು ಓದಿ ಹೇಳಿ, ಸಹಿ ಮಾಡಿ ಎಂದು ಪೆನ್ನು ಚಾಚಿದರು. ನಾನು ಮಾಡುವುದಿಲ್ಲ ಎಂದೆ. ಅವರು ಕೂಗಿದ ಮಾತು ಕೂಗಿದ ಹಾಗೇ ಬರೆಯಿರಿ, ನನ್ನ ತೊಂಬತ್ತೊಂದು ಸುಳ್ಳನ್ನೂ ಬರೆಯಿರಿ, ಎರಡೂ ಇದ್ದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದೆ. ಸುಳ್ಳು ಬರೆದವನ ಮೇಲೆ ಕ್ರಮ ಆಗಬಹುದು, ಗೊತ್ತಿದೆಯಾ ಎಂದರು. ಆಗಲಿ ಎಂದೆ. ಕರಿಯಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಅವನನ್ನು ನೋಡಿ ಹನ್ನೊಂದು ಮನೆಯವರೂ ಮಡಚಿಕೊಂಡರು. ಬಿಸಿಲು ನೆತ್ತಿಗೆ ಬರುವವರೆಗೆ ಜೀಪು ಅಲ್ಲೇ ನಿಂತಿತ್ತು. ಕೊನೆಗೆ ಎರಡನ್ನೂ ಬರೆದರು.

ಆಮೇಲೆ ಏನಾಯಿತು ಎಂದು ಕೇಳುತ್ತೀರಿ. ಮಡುವನ್ನು ಗಂಜಲ ಹಾಕಿ ಶುದ್ಧ ಮಾಡಿಸಿದರು. ದನ ಅದನ್ನು ದಿನಾ ಪುಕ್ಕಟೆ ಮಾಡುತ್ತಿತ್ತು. ನಮ್ಮ ಕೇರಿಯವರನ್ನು ಊರವರ ಹೊಲದ ಕೆಲಸಕ್ಕೆ ಕರೆಯುವುದು ನಿಂತಿತು. ಮಲ್ಲಿಕಾರ್ಜುನಣ್ಣನ ಮೇಲೆ ಅವ್ವ ಕೊಟ್ಟ ದೂರು ಕಡೂರಿನಲ್ಲಿ ನಡೆಯುತ್ತಿದೆ, ತಾರೀಖಿನ ಮೇಲೆ ತಾರೀಖು. ಒಂದು ಬಾಟಲಿಯಿಂದ ಏನೂ ಸಾಬೀತಾಗುವುದಿಲ್ಲ, ಮಳೆಗಾಲ ಪೂರ್ತಿ ಮತ್ತೆ ಹಿಡಿಯಬೇಕು ಎಂದರು ಮೇಡಂ. ಹೊಲ ಇನ್ನೊಂದು ವರ್ಷ ಮಣ್ಣಿನಡಿ ಮಲಗಿತು. ಕರಿಯಣ್ಣನ ರಾಗಿ ಇನ್ನೊಂದು ವರ್ಷ ಒಳಗೇ ಸತ್ತಿತು. ಆ ವರ್ಷ ತಿಂದವನು ನಾನು. ಅದನ್ನು ಯಾವ ಮಹಜರೂ ಅಳಿಸುವುದಿಲ್ಲ.

ಈ ಜುಲೈನಿಂದ ಮತ್ತೆ ಹಿಡಿಯುತ್ತಿದ್ದೇನೆ. ಮೇಡಂ ಈ ಸಲ ಕರಿಯಣ್ಣನನ್ನು ನನ್ನ ಜೊತೆ ಕಳಿಸುತ್ತಾರೆ, ಸಾಕ್ಷಿಗೆ. ನನ್ನ ಮೇಲೆ ನಂಬಿಕೆ ಇಲ್ಲ. ಸರಿಯೇ. ಮುದುಕ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡುವುದಿಲ್ಲ, ಬೀಡಿ ಸೇದುತ್ತಾ ಹಿಂದೆ ಬರುತ್ತಾನೆ. ಬಸರಿಮರದ ಹತ್ತಿರ ಬಂದಾಗ ಈಗಲೂ ನನ್ನ ಕಾಲು ನಿಲ್ಲುತ್ತವೆ. ದಿನಾ ನಿಲ್ಲುತ್ತವೆ. ಆಗ ಕರಿಯಣ್ಣನೂ ಹಿಂದೆ ನಿಲ್ಲುತ್ತಾನೆ. ಅವನ ಕಾಲಿಗೂ ಅವನ ಅವ್ವ ಹೊಡೆದಿರಬೇಕು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇವೆ. ಆಮೇಲೆ ಇಬ್ಬರೂ ಹೋಗಿ ನೀರು ಹಿಡಿಯುತ್ತೇವೆ.